ಅಂಟಿಸಿದ ಉಗುರು, ಹಚ್ಚಿದ ಬಣ್ಣ: ತೆಗೆಯುವಾಗ ಎಚ್ಚರ ಇರಲಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳು ಉಗುರಿನ ಬಗ್ಗೆ ಮಾತಾಡೋಣ ಅಂದ ಕೂಡಲೇ ಹಿಂದೆ ಕುಳಿತ ಹಿರಿಯರೊಬ್ಬರು ನಕ್ಕರು. “ಏನ್ರಿ ಅಕ್ಕಾರ, ಸಾಲದ ಮಾತು, ಉಳಿತಾಯದ ಮಾತು ಎಲ್ಲಾ ಮುಗದು ಈಗ ಉಗುರಿಗೆ ಬಂದ್ರೇನು? ಭತ್ತದ ಗದ್ದ್ಯಾಗ ನಾಟಿ ಮಾಡೋರ ಕೈಯಾಗ ಉಗುರು ಉಳಿದ್ರಲ್ಲ ಬಣ್ಣ ಹಚ್ಚೋದು!” ಅಂದರು. ಎಲ್ಲರೂ ನಕ್ಕೆವು. ಅವರು ಹೇಳಿದ್ದು ಖರೇನೇ. ಗಂಗಾವತಿ ಕಡೆ ಕಾಲುವೆ ನೀರಿನಲ್ಲಿ ನಾಟಿ ಮಾಡುವ ಕೈ, ಕುಷ್ಟಗಿ, ಯಲಬುರ್ಗಾದ ಒಣ ಹೊಲದಲ್ಲಿ ಶೇಂಗಾ ಕೀಳುವ ಕೈ, ಸಜ್ಜೆ ರೊಟ್ಟಿ ಬಡಿಯುವ ಕೈ ನಮ್ಮವು. ನಮ್ಮ ಉಗುರಿನ ಸಂದಿಯಲ್ಲಿ ಕಾಣುವುದು ಎರೆಮಣ್ಣು, ಕೆಂಪು ಬಣ್ಣವಲ್ಲ.

ಆದರೆ ಮನೆಯೊಳಗೆ ಒಂದು ಸಲ ಕಣ್ಣು ಹಾಯಿಸಿರಿ. ಕಾಲೇಜಿಗೆ ಹೋಗುವ ಮಗಳು ಇದ್ದಾಳೆ, ಮದುವೆಗೆ ಬಂದ ತಂಗಿ ಇದ್ದಾಳೆ, ಹೊಸದಾಗಿ ಬಂದ ಸೊಸೆ ಇದ್ದಾಳೆ. ಗವಿಮಠದ ಜಾತ್ರೆಗೆ ಹೋಗಿ ಬಂದಾಗ, ಹುಲಿಗಿಗೆ ಹೋಗಿ ಬಂದಾಗ, ಬಳೆ, ಕುಂಕುಮದ ಜೊತೆಗೆ ಪ್ಲಾಸ್ಟಿಕ್ ಉಗುರಿನ ಒಂದು ಪಾಕೀಟು, ಗೋಂದಿನ ಒಂದು ಸಣ್ಣ ಟ್ಯೂಬು, ಉಗುರು ಬಣ್ಣದ ಎರಡು ಬಾಟಲಿ ಬಂದೇ ಬರುತ್ತವೆ. ಅದನ್ನು ಹಚ್ಚುವುದು ಹೇಗೆಂದು ಎಲ್ಲರಿಗೂ ಗೊತ್ತು. ತೆಗೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಅವಘಡ ಆಗುವುದು ಅಲ್ಲೇ. ಇನ್ನೊಂದು ಮಾತು: ನಮ್ಮ ಸಂಘಗಳಲ್ಲಿ ಸಾಲ ಪಡೆದು ಬ್ಯೂಟಿ ಪಾರ್ಲರ್ ನಡೆಸುವವರು ಈಗ ಒಬ್ಬಿಬ್ಬರಲ್ಲ. ಅವರಿಗೆ ಇದು ಶೋಕಿಯ ಮಾತಲ್ಲ, ಹೊಟ್ಟೆಪಾಡಿನ ಮಾತು.

ನಮ್ಮಲ್ಲೇ ನಡೆದ ಒಂದು ಸಂಗತಿ

ಮೊದಲು ನಡೆದದ್ದನ್ನು ಹೇಳುತ್ತೇವೆ. ಹೆಸರು, ಊರು ಬೇಡ. ಆ ತಂಗಿ ಒಪ್ಪಿಗೆ ಕೊಟ್ಟ ಮೇಲೆಯೇ ಹೇಳುತ್ತಿದ್ದೇವೆ.

ನಮ್ಮ ಒಂದು ಸಂಘದ ಸದಸ್ಯೆ ಹೊಲಿಗೆ ಕೆಲಸ ಮಾಡುತ್ತಿದ್ದಳು. ಬ್ಯೂಟಿ ಪಾರ್ಲರ್ ತರಬೇತಿ ಮುಗಿಸಿ, ಸಂಘದಿಂದ ಸಾಲ ತೆಗೆದುಕೊಂಡು ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಎರಡು ಕುರ್ಚಿ ಹಾಕಿ ಕೆಲಸ ಆರಂಭಿಸಿದಳು. ಮದುವೆ ಹಂಗಾಮಿನಲ್ಲಿ ಕೈತುಂಬ ಕೆಲಸ. ಕಂತು ಒಂದೂ ತಪ್ಪಿಸಿರಲಿಲ್ಲ.

ಒಂದು ಸಂಜೆ ಓಣಿಯ ಮದುಮಗಳು ಬಂದಳು. ಮದುವೆಗೆ ಪ್ಲಾಸ್ಟಿಕ್ ಉಗುರು ಅಂಟಿಸಿ ಕೆಂಪು ಬಣ್ಣ ಹಚ್ಚಿಸಿಕೊಂಡಿದ್ದಳು. ಮರುದಿನ ಬೀಗರ ಮನೆಯ ಕಾರ್ಯಕ್ಕೆ ಹಸಿರು ಸೀರೆ. “ಅಕ್ಕಾ, ಉಗುರು ಹಂಗ ಇರಲಿ, ಕೆಂಪು ಬಣ್ಣ ಅಷ್ಟ ತೆಗೀರಿ” ಅಂದಳು. ನಮ್ಮ ತಂಗಿ ದಿನಾ ಬಳಸುವ ರಿಮೂವರನ್ನೇ ಹತ್ತಿಗೆ ಹಾಕಿ ಉಜ್ಜಿದಳು. ಬಣ್ಣದ ಜೊತೆಗೆ ಉಗುರೂ ಕರಗತೊಡಗಿತು. ಬೆಲ್ಲದ ಪಾಕದಂತೆ ಅಂಟಂಟಾಯಿತು, ಹತ್ತಿಯ ಎಳೆ ಅದಕ್ಕೇ ಮೆತ್ತಿಕೊಂಡವು. ಗಾಬರಿಯಾದಳು. ಇನ್ನಷ್ಟು ಸುರಿದು ಉಜ್ಜಿದಳು. ಕೊನೆಗೆ ಆ ಪ್ಲಾಸ್ಟಿಕ್ ಉಗುರನ್ನೇ ಎತ್ತಿ ಕಿತ್ತುಬಿಟ್ಟಳು. ಒಳಗಿನ ನಿಜ ಉಗುರಿನ ಮೇಲ್ಪದರವೂ ಅದರ ಜೊತೆ ಎದ್ದು ಬಂತು. ರಕ್ತ ಕಂಡಿತು, ಹುಡುಗಿ ಚೀರಿದಳು.

ಇಷ್ಟೇ ಅಲ್ಲ. ಆ ಹೊತ್ತಿಗೆ ಕರೆಂಟು ಹೋಗಿತ್ತು. ಮೇಜಿನ ಇನ್ನೊಂದು ತುದಿಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ರಿಮೂವರ್ ಬಾಟಲಿಯ ಬಾಯಿ ತೆರೆದೇ ಇತ್ತು. ಚೀರಿದ ಸದ್ದಿಗೆ ಓಡಿಬಂದ ಅತ್ತೆ ಮೊದಲು ಮಾಡಿದ ಕೆಲಸ ಮೇಣದಬತ್ತಿಯನ್ನು ಹೊರಗೆ ಒಯ್ದದ್ದು. ಆ ಹಿರಿಯ ಜೀವಕ್ಕೆ ಯಾರು ಹೇಳಿಕೊಟ್ಟಿದ್ದರೋ! ಆಕೆ ಒಂದು ಗಳಿಗೆ ತಡ ಮಾಡಿದ್ದರೆ ನಾವು ಇವತ್ತು ಬೇರೆಯೇ ಮಾತು ಆಡಬೇಕಾಗುತ್ತಿತ್ತು.

ಮರುದಿನ ಮದುಮಗಳ ಮನೆಯವರು ಬಂದು ಬೈದು ಹೋದರು. ನಮ್ಮ ತಂಗಿ ನಾಚಿಕೆಯಿಂದ ಬಾಗಿಲು ಹಾಕಿದಳು. ಎರಡು ವಾರ ಪಾರ್ಲರ್ ತೆರೆಯಲಿಲ್ಲ. ಕಂತು ತಪ್ಪಿತು. ವಾರದ ಸಭೆಯಲ್ಲಿ ಒಬ್ಬರು, “ಸಾಲ ವಸೂಲಿ ಮಾಡ್ರಿ, ಇಲ್ಲಂದ್ರ ಎಲ್ಲಾರ ದುಡ್ಡು ಮುಳುಗ್ತದ” ಅಂದರು. ಇನ್ನೊಬ್ಬರು ಎದ್ದು ನಿಂತು ಕೇಳಿದರು: “ಸಾಲ ಕೊಡುವಾಗ ನಾವು ಕುರ್ಚಿ ಎಷ್ಟು, ಕನ್ನಡಿ ಎಷ್ಟು ಅಂತ ಕೇಳಿದ್ವಿ. ಆಕಿ ಬಾಟಲಿಯೊಳಗ ಏನೈತಿ ಅಂತ ಯಾರಾದ್ರೂ ಕೇಳಿದ್ವೇನು?” ಸಭೆ ಸುಮ್ಮನಾಯಿತು. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಇವತ್ತಿನ ಈ ಮಾತು.

ಉಗುರು ಅಂದರೆ ಏನು, ಬಣ್ಣ ಅಂದರೆ ಏನು?

ನಮ್ಮ ಉಗುರು ಕೂದಲಿನ ಹಾಗೆಯೇ ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು. ತೆಳುವಾದ ಪದರದ ಮೇಲೆ ಪದರ ಕೂತು ಗಟ್ಟಿಯಾಗಿರುತ್ತದೆ. ಅದರ ಬೇರು ಚರ್ಮದ ಒಳಗೆ ಇರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಅರ್ಧ ನಿಮಿಷದಲ್ಲಿ ಕಿತ್ತ ಉಗುರು ಸರಿಹೋಗಲು ಅರ್ಧ ವರ್ಷ!

ಕೈಗೆ ಹಚ್ಚುವ ಬಣ್ಣಗಳೆಲ್ಲ ಒಂದೇ ಅಲ್ಲ. ಮೆಹಂದಿ ಉಗುರಿನ ಒಳಗೇ ಇಳಿದು ಬಣ್ಣ ಕೊಡುತ್ತದೆ. ಹಾಗೆಯೇ ಮತದಾನದ ದಿನ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ. ಅದು ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ ಅದು, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಸರ್ಕಾರಿ ಕಂಪನಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಅಲ್ಲಿನ ಶಾಯಿ ಬಳಕೆಯಲ್ಲಿದೆ. ಅದರಲ್ಲಿ ಬೆಳ್ಳಿಯ ಲವಣ ಇರುತ್ತದೆ, ಎಷ್ಟು ಉಜ್ಜಿದರೂ ಹೋಗದು, ಉಗುರು ಬೆಳೆದು ಹೋದಾಗಲೇ ಅದೂ ಹೋಗಬೇಕು. ಆದರೆ ನೇಲ್ ಪಾಲಿಶ್ ಒಳಗೆ ಇಳಿಯುವುದಿಲ್ಲ. ಕಿನ್ನಾಳದ ಗೊಂಬೆಯ ಮೇಲೆ ಬಣ್ಣ ಕೂತ ಹಾಗೆ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತದೆ. ಕಾರಿಗೆ ಹಚ್ಚುತ್ತಿದ್ದ ಹೊಳಪು ಬಣ್ಣ ಮತ್ತು ಉಗುರು ಬಣ್ಣ ಹತ್ತಿರದ ಸಂಬಂಧಿಗಳು, ಎರಡರಲ್ಲೂ ನೈಟ್ರೋಸೆಲ್ಯುಲೋಸ್ ಎಂಬ ವಸ್ತು ಇರುತ್ತದೆ. ಆ ಪೊರೆಯನ್ನು ಕರಗಿಸುವ ದ್ರವವೇ ರಿಮೂವರ್.

ರಿಮೂವರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಅಸಿಟೋನ್ ಇರುವುದು. ಇದು ಬಲು ಚುರುಕು, ಬಣ್ಣ ಬೇಗ ಬಿಡುತ್ತದೆ. ಇನ್ನೊಂದು ಅಸಿಟೋನ್ ಇಲ್ಲದ್ದು. ಅದರಲ್ಲಿ ಹೆಚ್ಚಾಗಿ ಈಥೈಲ್ ಅಸಿಟೇಟ್ ಎಂಬ ದ್ರವ ಇರುತ್ತದೆ. ಇದು ನಿಧಾನ, ಸ್ವಲ್ಪ ಮೆತ್ತಗೆ. ಬಾಟಲಿಯ ಮೇಲೆ ‘ಅಸಿಟೋನ್ ಫ್ರೀ’ ಅಥವಾ ‘ನಾನ್ ಅಸಿಟೋನ್’ ಎಂದು ಬರೆದಿರುತ್ತದೆ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿಕೊಳ್ಳಿರಿ, ನಾಚಿಕೆ ಬೇಡ.

ಕೃತಕ ಉಗುರಿನಲ್ಲೂ ಜಾತಿ ಇದೆ

ಒಂದು, ಪಾಕೀಟಿನಲ್ಲಿ ಬರುವ ಪ್ಲಾಸ್ಟಿಕ್ ಉಗುರು. ಗೋಂದಿನಿಂದ ಇಲ್ಲವೇ ಅಂಟು ಪಟ್ಟಿಯಿಂದ ಕೂರಿಸುವುದು. ಜಾತ್ರೆಯಲ್ಲಿ, ಬಳೆ ಅಂಗಡಿಯಲ್ಲಿ ಸಿಗುವುದು ಇದೇ. ಎರಡು, ಪಾರ್ಲರಿನಲ್ಲಿ ಪುಡಿ ಮತ್ತು ದ್ರವ ಕಲಸಿ ಉಗುರಿನ ಮೇಲೆಯೇ ಕಟ್ಟುವ ಅಕ್ರಿಲಿಕ್ ಉಗುರು. ಹಲ್ಲಿನ ವೈದ್ಯರು ಬಳಸುವ ವಸ್ತುವಿನಿಂದಲೇ ಇದು ಹುಟ್ಟಿತು. ಮೂರು, ದೀಪದ ಬೆಳಕಿನ ಕೆಳಗೆ ಗಟ್ಟಿಯಾಗುವ ಜೆಲ್.

ಇಲ್ಲಿ ಒಂದು ಮಾತು ಗಂಟು ಹಾಕಿಕೊಳ್ಳಿರಿ: ಅಸಿಟೋನ್ ಬಣ್ಣವನ್ನಷ್ಟೇ ಕರಗಿಸುವುದಿಲ್ಲ, ಆ ಪ್ಲಾಸ್ಟಿಕ್ಕನ್ನೂ, ಅಕ್ರಿಲಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಅದಕ್ಕೆ ಇದು ಬಣ್ಣ, ಅದು ಉಗುರು ಎಂಬ ಭೇದ ಇಲ್ಲ. ನಮ್ಮ ತಂಗಿಯ ಕೈಯಲ್ಲಿ ಆದದ್ದು ಇದೇ.

ಉಗುರು ಉಳಿಸಿಕೊಂಡು ಬಣ್ಣ ತೆಗೆಯುವ ಕ್ರಮ

1. ಮೊದಲು ಜಾಗ ನೋಡಿರಿ. ಕಿಟಕಿ, ಬಾಗಿಲು ತೆರೆದಿರಲಿ. ಒಲೆ, ಗ್ಯಾಸ್, ದೀಪ, ಊದುಬತ್ತಿ, ಮೇಣದಬತ್ತಿ ಯಾವುದೂ ಆ ಕೋಣೆಯಲ್ಲಿ ಉರಿಯುತ್ತಿರಬಾರದು. ಮಕ್ಕಳು ಹೊರಗೆ ಇರಲಿ.

2. ಅಸಿಟೋನ್ ಇಲ್ಲದ ರಿಮೂವರನ್ನೇ ತೆಗೆದುಕೊಳ್ಳಿರಿ.

3. ಪಾಕೀಟಿನಲ್ಲಿ ಬೇರೆ ಬೇರೆ ಅಳತೆಯ ಉಗುರುಗಳು ಇರುತ್ತವೆ, ಕೆಲವು ಉಳಿದೇ ಇರುತ್ತವೆ. ಅಂಥ ಒಂದು ಉಳಿದ ಉಗುರಿನ ಮೇಲೆ ಒಂದು ಹನಿ ಹಾಕಿ ನೋಡಿರಿ. ಹೊಳಪು ಹೋಯಿತೇ, ಅಂಟಾಯಿತೇ? ಹಾಗಾದರೆ ಆ ರಿಮೂವರ್ ಬೇಡ. ಅಸಿಟೋನ್ ಇಲ್ಲದ್ದು ಕೂಡ ಕೆಲವು ಅಗ್ಗದ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಆದ್ದರಿಂದ ಈ ಪರೀಕ್ಷೆ ಬಿಡಬಾರದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವುದಿಲ್ಲವೇ, ಹಾಗೆ.

4. ಉಗುರಿನ ಸುತ್ತಲಿನ ಚರ್ಮಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಇಲ್ಲವೇ ವ್ಯಾಸಲೀನ್ ಸವರಿರಿ. ಚರ್ಮ ಒಣಗಿ ಬಿರಿಯುವುದು ಕಡಿಮೆಯಾಗುತ್ತದೆ.

5. ಹತ್ತಿಯನ್ನು ನೆನೆಸಿ ಹಿಂಡಿರಿ, ತೊಟ್ಟಿಕ್ಕಬಾರದು. ಬೆರಳನ್ನು ರಿಮೂವರಿನಲ್ಲಿ ಅದ್ದಬೇಡಿರಿ. ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿರಿ. ಗಸಗಸ ತಿಕ್ಕಬೇಡಿರಿ. ಬುಡದಲ್ಲಿ ದ್ರವ ನಿಂತರೆ ಗೋಂದು ಸಡಿಲಾಗುತ್ತದೆ.

6. ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ ಹೋಗಿರಿ. ಪ್ರತಿ ಬೆರಳಿಗೂ ಹೊಸ ಹತ್ತಿ. ಬಣ್ಣ ಹೋದ ಕೂಡಲೇ ನೀರು, ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿರಿ.

7. ಬಣ್ಣ ಪೂರ್ತಿ ಹೋಗದಿದ್ದರೆ ಹಟ ಬೇಡ. ಇದ್ದ ಬಣ್ಣದ ಮೇಲೆಯೇ ಬೇಕಾದ ಬಣ್ಣ ಹಚ್ಚಬಹುದು. ಬ್ಲೇಡು, ಚಾಕು, ಪಿನ್ನಿನಿಂದ ಕೆರೆಯಲೇಬಾರದು.

ಜೆಲ್ ಬಣ್ಣವಾದರೆ ಈ ಕ್ರಮ ನಡೆಯುವುದಿಲ್ಲ. ಅದು ಮನೆಯ ರಿಮೂವರಿಗೆ ಬಗ್ಗುವುದಿಲ್ಲ. ಅದನ್ನು ತರಬೇತಿ ಪಡೆದವರೇ ಮೆಲ್ಲಗೆ ಉಜ್ಜಿ, ನೆನೆಸಿ ತೆಗೆಯಬೇಕು. ಎಲ್ಲಿ ಹಾಕಿಸಿದಿರೋ ಅಲ್ಲೇ ತೆಗೆಸಿರಿ. ಹಾಕಿಸುವ ದಿನವೇ “ತೆಗೆಯೋದಕ್ಕ ಎಷ್ಟು?” ಎಂದು ಕೇಳಿಕೊಂಡಿರಿ.

ಉಗುರನ್ನೇ ತೆಗೆಯಬೇಕಾದರೆ

ಜಾತ್ರೆಯ ಪಾಕೀಟಿನ ಉಗುರಾದರೆ ಬಣ್ಣ ತೆಗೆಯುವ ತಾಪತ್ರಯಕ್ಕಿಂತ ಉಗುರನ್ನೇ ತೆಗೆದುಬಿಡುವುದು ಜಾಣತನ. ಬೋಗುಣಿಯಲ್ಲಿ ಕೈ ತಾಳುವಷ್ಟು ಬಿಸಿ ನೀರು, ಸ್ವಲ್ಪ ಸಾಬೂನು ಹಾಕಿ ಹತ್ತು ಹದಿನೈದು ನಿಮಿಷ ಬೆರಳು ನೆನೆಸಿರಿ. ಅಂಚಿಗೆ ಎಣ್ಣೆ ಬಿಟ್ಟು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿರಿ. ಬರಲಿಲ್ಲವೇ? ಮತ್ತೆ ನೆನೆಸಿರಿ. ಬೆಳಿಗ್ಗೆ ಬರದಿದ್ದರೆ ಸಂಜೆ ಬರುತ್ತದೆ. ಎತ್ತಿ ಕೀಳುವುದು ಮಾತ್ರ ಬೇಡ. ಬಂದ ಮೇಲೆ ಉಳಿದ ಗೋಂದನ್ನು ಹಲ್ಲಿನಿಂದ ಕಚ್ಚಬೇಡಿರಿ.

ಅಕ್ರಿಲಿಕ್ ಉಗುರು ನೀರಿಗೆ ಬಿಡುವುದಿಲ್ಲ. ಅದಕ್ಕೆ ಅಸಿಟೋನಿನಲ್ಲಿ ನೆನೆಸಿದ ಹತ್ತಿ ಇಟ್ಟು, ಬೆರಳಿಗೆ ಬೆಳ್ಳಿ ಹಾಳೆ ಸುತ್ತಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮೆತ್ತಗಾದ ಪದರವನ್ನು ಮೆಲ್ಲಗೆ ಸರಿಸಿ ತೆಗೆಯುತ್ತಾರೆ. ಇದು ಪಾರ್ಲರಿನ ಕೆಲಸ, ಮನೆಯ ಕೆಲಸವಲ್ಲ. ಬೇಗ ಆಗಲೆಂದು ಅಸಿಟೋನನ್ನು ಒಲೆಯ ಮೇಲೆ ಬಿಸಿ ಮಾಡುವವರಿದ್ದಾರೆ. ಅದು ಕೈಯಾರೆ ಬೆಂಕಿ ಕರೆಯುವ ಕೆಲಸ.

ಇನ್ನು ಗೋಂದಿನ ಮಾತು. ಉಗುರಿನ ಗೋಂದು ಚರ್ಮವನ್ನೂ ಕ್ಷಣದಲ್ಲಿ ಅಂಟಿಸುತ್ತದೆ. ಬೆರಳು ಬೆರಳಿಗೆ ಅಂಟಿದರೆ ಜಗ್ಗಬೇಡಿರಿ, ಬಿಸಿ ಸಾಬೂನು ನೀರಿನಲ್ಲಿ ನೆನೆಸಿ ಹೊರಳಿಸುತ್ತ ಬಿಡಿಸಿರಿ. ಹತ್ತಿ ಬಟ್ಟೆಯ ಮೇಲೆ ಈ ಗೋಂದು ಹೆಚ್ಚಾಗಿ ಬಿದ್ದರೆ ತಟ್ಟನೆ ಕಾವೇರಿ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಹತ್ತಿ ಸೀರೆ, ಲಂಗದ ಮೇಲೆ ಟ್ಯೂಬು ಇಟ್ಟುಕೊಂಡು ಕೂರಬೇಡಿರಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಲವಂತವಾಗಿ ಬಿಡಿಸದೆ, ನೀರಿನಿಂದ ತೊಳೆಯುತ್ತ ನೇರ ಆಸ್ಪತ್ರೆಗೆ ಹೋಗಿರಿ.

ಬೆಂಕಿ: ಇದನ್ನು ಎರಡು ಸಲ ಓದಿಸಿರಿ

ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು. ಅಷ್ಟೇ ಅಲ್ಲ, ಮಂಜುಗಡ್ಡೆಗಿಂತ ತಣ್ಣಗಿದ್ದಾಗಲೂ ಅದರಿಂದ ಏಳುವ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹಾಗಾದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಶೆಡ್ಡಿನೊಳಗೆ ಹೇಗಿರಬೇಕು ಯೋಚಿಸಿರಿ. ಆ ಆವಿ ಕಣ್ಣಿಗೆ ಕಾಣುವುದಿಲ್ಲ. ಗಾಳಿಗಿಂತ ಭಾರ, ನೆಲದ ಮೇಲೆ ತೆವಳುತ್ತ ಹೋಗುತ್ತದೆ. ಬಾಟಲಿ ಇಲ್ಲಿ, ಒಲೆ ಅಲ್ಲಿ, ನಡುವೆ ನಾಲ್ಕು ಮಾರು ಇದೆ ಎಂದು ಧೈರ್ಯ ಮಾಡಬೇಡಿರಿ. ಅಸಿಟೋನ್ ಇಲ್ಲದ ರಿಮೂವರ್ ಸಹ ಹೊತ್ತಿಕೊಳ್ಳುತ್ತದೆ. ನೇಲ್ ಪಾಲಿಶ್ ಸಹ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಉಗುರಿಗೇ ಬೆಂಕಿ ತಗುಲಿದರೆ ಉರಿದು ಕರಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಉದ್ದ ಕೃತಕ ಉಗುರಿನ ಕೈಯಿಂದ ಕಡ್ಡಿ ಗೀರುವುದು, ರೊಟ್ಟಿ ಸುಡುವುದು ಬೇಡ.

ನಮ್ಮ ಕೆಲವು ಮನೆಗಳಲ್ಲಿ ರಿಮೂವರ್ ಇಲ್ಲದಾಗ ಪೇಂಟರ್ ಬಳಸುವ ಥಿನ್ನರ್, ಗಾಡಿಯ ಪೆಟ್ರೋಲ್ ಬಳಸುತ್ತಾರೆ. ದಯವಿಟ್ಟು ಬೇಡ. ಹತ್ತು ರೂಪಾಯಿ ಉಳಿಸಲು ಹೋಗಿ ಕೈ ಸುಟ್ಟುಕೊಳ್ಳಬೇಡಿರಿ. ಮುಗಿದ ಹತ್ತಿಯನ್ನು ಒಲೆಗೆ ಎಸೆಯಬೇಡಿರಿ, ನೀರಿನಲ್ಲಿ ತೋಯಿಸಿ ಹೊರಗಿನ ಬುಟ್ಟಿಗೆ ಹಾಕಿರಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರದವರು ದಪ್ಪ ಕಂಬಳಿ ಹೊದಿಸಬೇಕು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿರಿ. ಶಾಯಿ, ಪೇಸ್ಟ್, ಅರಿಷಿಣ, ಎಣ್ಣೆ ಏನೂ ಹಚ್ಚಬೇಡಿರಿ. 108ಕ್ಕೆ ಕರೆ ಮಾಡಿರಿ.

ಮಕ್ಕಳ ಕೈಗೆ ಸಿಗದಿರಲಿ

ಬಣ್ಣದ ಬಾಟಲಿ ಮಕ್ಕಳಿಗೆ ಶರಬತ್ತಿನಂತೆ ಕಾಣುತ್ತದೆ. ಅಮೆರಿಕದಲ್ಲಿ ಕೃತಕ ಉಗುರಿನ ಗೋಂದು ಬಿಡಿಸುವ ಒಂದು ದ್ರವವನ್ನು ಕುಡಿದು ಹದಿನಾರು ತಿಂಗಳ ಮಗುವೊಂದು ಸತ್ತುಹೋಯಿತು. 1988ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ಸಂಗತಿ ಪ್ರಕಟವಾಯಿತು. ಅದರಲ್ಲಿ ಇದ್ದದ್ದು ಅಸಿಟೋನ್ ಅಲ್ಲ, ಅಸಿಟೋನೈಟ್ರೈಲ್. ಹೆಸರು ಕೇಳಲು ಒಂದೇ ಥರ, ಆದರೆ ಹೊಟ್ಟೆಗೆ ಹೋದ ಮೇಲೆ ಅದು ಸೈನೈಡ್ ಆಗಿ ಬದಲಾಗುತ್ತದೆ. ಆ ಬದಲಾವಣೆಗೆ ಕೆಲವು ಗಂಟೆ ಹಿಡಿಯುತ್ತದೆ. ಮೊದಲಿಗೆ ಮಗು ಆಟವಾಡುತ್ತಲೇ ಇರಬಹುದು. “ಏನೂ ಆಗಿಲ್ಲ ಬಿಡು” ಎಂದು ಮಲಗಿಸುವ ತಪ್ಪು ಅಲ್ಲೇ ಆಗುವುದು.

ಹೆಸರಿಲ್ಲದ, ವಿಳಾಸವಿಲ್ಲದ ಬಾಟಲಿಯಲ್ಲಿ ಏನಿದೆ ಎಂದು ನಮಗೆ ತಿಳಿಯುವುದು ಹೇಗೆ? ಆದ್ದರಿಂದ ಮಗು ಇಂಥದ್ದನ್ನು ಕುಡಿಯಿತು ಎಂದು ಸಂಶಯ ಬಂದರೂ ಸಾಕು, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ರಿಮೂವರನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ತುಂಬಿಡುವ ರೂಢಿಯನ್ನು ಇವತ್ತೇ ಬಿಡಿರಿ.

ಬಸುರಿ, ಬಾಣಂತಿ ಮತ್ತು ಆಸ್ಪತ್ರೆ

ರಕ್ತ ಕಡಿಮೆ ಇದೆಯೇ ಎಂದು ನೋಡಲು ಆಶಾ ಕಾರ್ಯಕರ್ತೆ, ನರ್ಸಮ್ಮ ಕಣ್ಣಿನ ರೆಪ್ಪೆ, ನಾಲಿಗೆ, ಅಂಗೈ, ಉಗುರು ನೋಡುತ್ತಾರೆ. ಉಗುರು ಬಿಳಿಚಿದ್ದರೆ ಅವರಿಗೆ ಗೊತ್ತಾಗುತ್ತದೆ. ಕೆಂಪು ಬಣ್ಣ ಹಚ್ಚಿದರೆ ಏನು ಕಂಡೀತು? ರಕ್ತ ಪರೀಕ್ಷೆ ಹೇಗೂ ಮಾಡಿಸಲೇಬೇಕು. ಆದರೆ ಹೆರಿಗೆಯ ಹೊತ್ತಿನಲ್ಲಿ, ಆಪರೇಷನ್ ಹೊತ್ತಿನಲ್ಲಿ ಉಗುರಿನ ಬಣ್ಣ ಒಂದು ಸೂಚನೆ. ಉಸಿರು ಸಾಲದಿದ್ದರೆ ಉಗುರು ನೀಲಿಯಾಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರಿಗೂ ನೆನಪಿರಬೇಕು, 2020-21ರ ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದಿತ್ತು. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ದಪ್ಪ ಬಣ್ಣ, ಕೃತಕ ಉಗುರು ಅಡ್ಡ ಬಂದರೆ ಲೆಕ್ಕ ತಪ್ಪಬಹುದು.

ನೋವು ಎದ್ದ ಮೇಲೆ ರಾತ್ರಿ ಹೊತ್ತಿನಲ್ಲಿ ಹತ್ತು ಬೆರಳಿನ ಉಗುರು ನೆನೆಸುತ್ತ ಕೂರಲಾದೀತೇ? ಸೀಮಂತಕ್ಕೆ ಬಣ್ಣ ಹಚ್ಚಿರಿ, ಬೇಡ ಎನ್ನುವುದಿಲ್ಲ. ದಿನ ಹತ್ತಿರ ಬಂದ ಮೇಲೆ ಉಗುರು ಬರಿದಾಗಿರಲಿ, ಗಿಡ್ಡವಾಗಿರಲಿ. ಹೆರಿಗೆಯ ಚೀಲಕ್ಕೆ ತಾಯಿ ಕಾರ್ಡ್, ಹಳೆ ಬಟ್ಟೆ ಇಡುವಾಗಲೇ ಈ ಕೆಲಸವೂ ಮುಗಿಯಲಿ.

ಅಡುಗೆ ಮಾಡುವವರಿಗೂ ಒಂದು ಮಾತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ನಮ್ಮ ಸಂಘಗಳಲ್ಲಿ ಬಿಸಿಯೂಟದ ಅಡುಗೆಯವರು, ಅಂಗನವಾಡಿ ಸಹಾಯಕಿಯರು ಇದ್ದಾರೆ. ಕೃತಕ ಉಗುರಿನ ಕೆಳಗೆ ಕೊಳೆ, ರೋಗಾಣು ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಕೈ ಶುಚಿತ್ವದ ಮಾರ್ಗಸೂಚಿಯಲ್ಲಿ, ರೋಗಿಗಳನ್ನು ಮುಟ್ಟುವ ದಾದಿ, ವೈದ್ಯರು ಕೃತಕ ಉಗುರು ಹಾಕಬಾರದು ಎಂದೇ ಹೇಳಿದೆ. ನೂರು ಮಕ್ಕಳಿಗೆ ಅನ್ನ ಬಡಿಸುವ ಕೈಗೂ ಅದೇ ನ್ಯಾಯ. ನಾಟಿ ಮಾಡುವವರು, ದಿನವಿಡೀ ನೀರಿನಲ್ಲಿ ಕೈ ಇಡುವವರು ಇದನ್ನು ಹಾಕಿಕೊಳ್ಳಲೇಬಾರದು. ಕೃತಕ ಉಗುರು ಮತ್ತು ನಿಜ ಉಗುರಿನ ನಡುವೆ ನೀರು ಸೇರಿ ಉಗುರು ಹಸಿರಾಗುವ ಸೋಂಕು ಬರುತ್ತದೆ. ಹಸಿರಾದರೆ, ಕೀವು ಬಂದರೆ, ಮತ್ತೆ ಬಣ್ಣ ಹಚ್ಚಿ ಮುಚ್ಚಬೇಡಿರಿ, ವೈದ್ಯರಿಗೆ ತೋರಿಸಿರಿ.

ಪಾರ್ಲರ್ ನಡೆಸುವ ಸದಸ್ಯೆಯರಿಗೆ

ಸಾಮಾನು ಕೊಳ್ಳುವಾಗ ತಯಾರಿಸಿದವರ ಹೆಸರು, ವಿಳಾಸ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ನೋಡಿರಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೇಬಲ್ ಮೇಲೆ ಇವು ಇರಬೇಕು. ಬಿಲ್ ಕೇಳಿ ಪಡೆಯಿರಿ. ಎರಡು ರಿಮೂವರ್ ಬಾಟಲಿ ಇದ್ದರೆ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ದಾರ ಕಟ್ಟಿರಿ. ಕೆಂಪು ಎಂದರೆ ಅಸಿಟೋನ್, ಕೃತಕ ಉಗುರಿನ ಬಣ್ಣಕ್ಕೆ ಮುಟ್ಟಬಾರದು. ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿರಿ: “ಇದು ನಿಮ್ಮ ಉಗುರೋ, ಅಂಟಿಸಿದ್ದೋ? ಯಾವಾಗ, ಎಲ್ಲಿ ಹಾಕಿಸಿದ್ರಿ? ಮೊದಲು ತುರಿಕೆ, ಗಾಯ ಏನಾರ ಆಗಿತ್ತೇನು?” ಉಜ್ಜುವ ಫೈಲು, ಕತ್ತರಿಯನ್ನು ಒಬ್ಬರಿಂದ ಒಬ್ಬರಿಗೆ ತೊಳೆಯದೆ ಬಳಸಬೇಡಿರಿ. ನಿಮಗೆ ಬಾರದ ಕೆಲಸವನ್ನು “ಬರೂದಿಲ್ಲ” ಎಂದು ಹೇಳಿರಿ. ಹಾಗೆ ಹೇಳಿದರೆ ಗಿರಾಕಿ ಹೋಗುವುದಿಲ್ಲ, ನಂಬಿಕೆ ಬರುತ್ತದೆ.

ದಿನವಿಡೀ ಆ ವಾಸನೆಯಲ್ಲಿ ಕೂರುವವರು ನೀವು. ತಲೆನೋವು, ತಲೆ ಸುತ್ತು, ಕಣ್ಣುರಿ ಬಂದರೆ ಅದು ದಣಿವಲ್ಲ, ಗಾಳಿ ಸಾಲದು ಎಂಬ ಸೂಚನೆ. ಕಿಟಕಿ ಇಲ್ಲದ ಕೋಣೆಯಲ್ಲಿ ಈ ಕೆಲಸ ಮಾಡಬೇಡಿರಿ. ಬಸುರಿಯಾಗಿದ್ದಾಗ ಇನ್ನೂ ಎಚ್ಚರ ಇರಲಿ.

ಆ ತಂಗಿಯ ಕಥೆ ಏನಾಯಿತು?

ಕೇಳದೆ ನೀವು ಬಿಡುವವರಲ್ಲ! ಆ ಸಂಘದ ಸಭೆ ಠರಾವು ಪುಸ್ತಕದಲ್ಲಿ ಮೂರು ಮಾತು ಬರೆಯಿತು. ಒಂದು, ಎರಡು ಕಂತಿಗೆ ಸಮಯ ಕೊಡುವುದು. ಎರಡು, ಅನುಭವ ಇರುವ ಇನ್ನೊಬ್ಬ ಸದಸ್ಯೆಯ ಹತ್ತಿರ ಆಕೆ ಕೆಲವು ದಿನ ಕೂತು ಕಲಿಯುವುದು. ಮೂರು, ಸಂಘದ ಇಬ್ಬರು ಹಿರಿಯರು ಆಕೆಯನ್ನು ಕರೆದುಕೊಂಡು ಮದುಮಗಳ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುವುದು. ಮೂರನೆಯದು ಬಲು ಕಷ್ಟದ್ದಾಗಿತ್ತು. ಬಾಗಿಲಲ್ಲೇ ನಿಂತು ಅತ್ತಳಂತೆ. ಆ ಮನೆಯ ಹಿರಿಯಾಕೆ, “ಒಳಗ ಬಾ, ಮೊದ್ಲ ನೀರು ಕುಡಿ” ಅಂದರು.

ಉಗುರು ಪೂರ್ತಿ ಬೆಳೆಯಲು ಐದಾರು ತಿಂಗಳು ಹಿಡಿಯಿತು. ಪಾರ್ಲರ್ ಈಗ ತೆರೆದಿದೆ. ಗೋಡೆಗೆ ಎರಡನೆಯ ಕಿಟಕಿ ಕೂರಿಸಿದ್ದಾಳೆ. ಕರೆಂಟು ಹೋದರೆ ಬ್ಯಾಟರಿ ದೀಪ ಇದೆ, ಮೇಣದಬತ್ತಿ ಆ ಕೋಣೆಗೆ ಬರುವುದಿಲ್ಲ. ಕೆಂಪು ದಾರ, ಹಸಿರು ದಾರದ ಉಪಾಯ ಆಕೆಯದೇ. ಸಾಲ ಇನ್ನೂ ತೀರಿಲ್ಲ, ಆದರೆ ಕಂತು ತಪ್ಪುತ್ತಿಲ್ಲ.

ಅಕ್ಕ-ತಂಗಿಯರೇ, ಚಂದ ಕಾಣಬೇಕು ಅನ್ನುವುದು ತಪ್ಪಲ್ಲ. ವರ್ಷವೆಲ್ಲ ಮಣ್ಣಿನಲ್ಲಿ ದುಡಿದ ಕೈ ಮದುವೆಯ ಒಂದು ದಿನ ಕೆಂಪಾಗಿ ಕಂಡರೆ ಯಾರಿಗೇನು ನಷ್ಟ? ಆದರೆ ಆ ಕೈಯೇ ನಮ್ಮ ಆಸ್ತಿ. ಪಾಸ್‌ಬುಕ್ಕಿಗೆ ಸಹಿ ಹಾಕುವುದು, ಕೂಸಿಗೆ ತುತ್ತು ಕೊಡುವುದು, ಕಳೆ ಕೀಳುವುದು ಇದೇ ಕೈ. ಹಚ್ಚುವ ಮುಂಚೆ ತೆಗೆಯುವ ದಾರಿ ತಿಳಿದಿರಲಿ.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ಈ ನಾಲ್ಕು ಪ್ರಶ್ನೆಗೆ ಉತ್ತರ ತನ್ನಿರಿ:

1. ನಿಮ್ಮ ಮನೆಯಲ್ಲಿ ರಿಮೂವರ್, ಗೋಂದು, ಥಿನ್ನರ್ ಎಲ್ಲಿ ಇಟ್ಟಿದ್ದೀರಿ? ಮಗುವಿನ ಕೈಗೆ ಎಟುಕುತ್ತದೆಯೇ?
2. ಒಲೆಯಿಂದ ಆ ಜಾಗ ಬೇರೆ ಕೋಣೆಯಲ್ಲಿ ಇದೆಯೇ?
3. ನಿಮ್ಮ ಸಂಘದಲ್ಲಿ ಈ ತಿಂಗಳು ದಿನ ತುಂಬಿದ ಬಸುರಿ ಯಾರಿದ್ದಾರೆ? ಆಕೆಯ ಉಗುರು ಬರಿದಾಗಿದೆಯೇ?
4. ನಿಮ್ಮ ಸಂಘದಿಂದ ಪಾರ್ಲರಿಗೆ ಸಾಲ ಕೊಟ್ಟಿದ್ದರೆ, ಆ ಕೋಣೆಗೆ ಹೋಗಿ ಕಿಟಕಿ ನೋಡಿ ಬಂದಿದ್ದೀರಾ?

ಓದಲು ಬರುವವರು ಬಾರದವರಿಗೆ ಓದಿ ಹೇಳಿರಿ. ಮನೆಯ ಹೆಣ್ಣುಮಕ್ಕಳ ಕೈಗೆ ಈ ಹಾಳೆ ಕೊಡಿರಿ.